ತೇವದ ಗೋಡೆ

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಅವಳಿಗೆ ಹುಡುಗಿಯರು ಇಟ್ಟ ಹೆಸರು ‘ಹುಳದ ಮೇಡಂ’. ಅದು ಅವಳ ಕಿವಿಗೂ ಬಿದ್ದಿತ್ತು, ಬೇಸರವೇನೂ ಇರಲಿಲ್ಲ. ಹುಲಿ ಸಿಂಹಗಳನ್ನು ಹೊಗಳುವವರು ಬೇಕಾದಷ್ಟು ಜನ. ಹೂಕುಂಡದ ಅಡಿಯಲ್ಲಿರುವ, ಮುಟ್ಟಿದರೆ ಉಂಡೆಯಾಗುವ ಬೂದು ಹುಳಕ್ಕೆ ಯಾರಿದ್ದಾರೆ ಎನ್ನುತ್ತಿದ್ದಳು.

ಮದುವೆಯ ಮಾತು ಬಂದಾಗೆಲ್ಲ ಜಾರಿಕೊಂಡವಳು ತಂಗಿಯೊಂದಿಗೆ, ರಸ್ತೆಗಿಂತ ಎರಡು ಮೆಟ್ಟಿಲು ಕೆಳಗಿದ್ದ ಬಾಡಿಗೆ ಮನೆಯಲ್ಲಿದ್ದಳು. ತಂಗಿ ಅಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರದ ಹಿಂದೆ ಗಾರೆ ಉದುರಿದ ಗೋಡೆಯಲ್ಲಿ ಆ ಹುಳಗಳ ದೊಡ್ಡ ಸಂಸಾರ.

“ಅಕ್ಕಾ, ನಿನ್ನ ನೆಂಟರು ಬಂದಿದ್ದಾರೆ ನೋಡು!” ಎಂದು ತಂಗಿ ಕರೆದರೆ ಸಾಕು, ಅಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬರುತ್ತಿದ್ದಳು. ಒಮ್ಮೆ ಒಂದನ್ನು ಮೆಲ್ಲಗೆ ಮಗುಚಿ ತೋರಿಸಿದಳು.

“ಹೊಟ್ಟೆ ಕೆಳಗೆ ಚೀಲ ಕಾಣ್ತಾ? ಅದರಲ್ಲಿ ನೀರು, ನೀರಲ್ಲಿ ಮರಿ. ಇವು ಏಡಿ, ಸೀಗಡಿ ಕುಲದವು ಕಣೇ. ನೆಲಕ್ಕೆ ಬಂದು ಯಾವ ಕಾಲ ಆಯ್ತೋ, ಉಸಿರಾಡೋಕೆ ಇನ್ನೂ ತೇವ ಬೇಕು.”

“ಸಮುದ್ರನ ಹೊಟ್ಟೇಲೇ ಕಟ್ಕೊಂಡು ಬಂದಿವೆ ಅನ್ನು,” ಎಂದು ತಂಗಿ ನಕ್ಕಳು. ನಗು ಕೆಮ್ಮಾಯಿತು.

ಬಟ್ಟೆಯ ಧೂಳು ಅಂದುಕೊಂಡರು. ಸಿರಪ್ಪು ಕುಡಿದದ್ದೇ ಬಂತು. ತಂಗಿ ಎರಡು ಮೆಟ್ಟಿಲು ಹತ್ತಲೂ ಏದುಸಿರು ಬಿಡತೊಡಗಿದಾಗ ದೊಡ್ಡ ಡಾಕ್ಟರ ಬಳಿಗೆ ಹೋದರು.

“ಮನೆ ಗೋಡೆ ತೇವ ಇದೆಯಾ? ಬೂಷ್ಟು?” ಎಂದು ಅವರು ಕೇಳಿದರು.

ಇಲ್ಲ ಎನ್ನಲು ಬಾಯಿ ತೆರೆದ ಅಕ್ಕನಿಗೆ ಹೊಲಿಗೆ ಯಂತ್ರದ ಹಿಂದಿನ ಗೋಡೆ ನೆನಪಾಯಿತು. ಒಣಗಿದ ಕಡೆ ಈ ಹುಳ ಬದುಕುವುದಿಲ್ಲ, ಗುಂಪಾಗಿ ಕಂಡರೆ ಒಳಗೆ ನೀರಿದೆ ಎಂದು ತಿಳಿಯಿರಿ ಅಂತ ವರ್ಷವರ್ಷವೂ ಪಾಠ ಮಾಡಿದ್ದಳು. ಆ ಮಾತು ಒಮ್ಮೆಯೂ ಅವಳ ಮನೆಯ ಹೊಸ್ತಿಲು ದಾಟಿರಲಿಲ್ಲ.

ಆ ವಾರವೇ ಮನೆ ಬದಲಾಯಿಸಿದರು. ಬೂಷ್ಟಿನ ಗಾಳಿ ಕುಡಿದು ತಂಗಿಯ ಶ್ವಾಸಕೋಶ ಅಷ್ಟರಲ್ಲಿ ಗಟ್ಟಿಯಾಗಿಹೋಗಿತ್ತು.

ಆಸ್ಪತ್ರೆಯಲ್ಲಿ ತಂಗಿ ತಡೆತಡೆದು ಹೇಳಿದಳು: “ಹುಳದ್ದೇನೂ ತಪ್ಪಿಲ್ಲ ಅಕ್ಕಾ. ಪಾಪ, ಕೊಳೆತ ಎಲೆ ತಿಂದು ಮಣ್ಣು ಮಾಡೋವು ಅವು.”

“ತಪ್ಪು ನಂದು.”

ತಂಗಿ ಅಲ್ಲ ಎನ್ನಲಿಲ್ಲ. ಉಸಿರು ಸಾಲದೆಯೋ, ಮನಸ್ಸಿಲ್ಲದೆಯೋ, ಅಕ್ಕನಿಗೆ ಕಡೆಗೂ ತಿಳಿಯಲಿಲ್ಲ. ಮಾರನೆಯ ದಿನ ಕೇಳೋಣವೆಂದರೆ ತಂಗಿಯೇ ಇರಲಿಲ್ಲ.

ಮನೆಯ ಮಾಲೀಕ ಹಳೆಯ ಗೋಡೆಗೆ ಗಾರೆ ಮೆತ್ತಿ, ಬಣ್ಣ ಬಳಿದು, ಕೈಗೂಸಿದ್ದ ಗಂಡಹೆಂಡಿರಿಗೆ ಬಾಡಿಗೆಗೆ ಕೊಟ್ಟ. ಸುದ್ದಿ ತಿಳಿದು ಮೇಡಂ ಒಂದು ಬೆಳಿಗ್ಗೆ ಅಲ್ಲಿಗೆ ಹೋದಳು.

“ಬಣ್ಣದ ಹಿಂದೆ ನೀರಿದೆಯಮ್ಮಾ. ಮಗು ಇಟ್ಕೊಂಡು ಇಲ್ಲಿರಬೇಡಿ. ನನ್ನ ತಂಗಿ ಇಲ್ಲೇ...”

“ಗೊತ್ತು ಆಂಟಿ, ಪಕ್ಕದ ಮನೆಯವರು ಹೇಳಿದ್ರು,” ಎಂದಳು ಆ ತಾಯಿ. “ಮೂಲೇಲಿ ಹುಳಾನೂ ನೋಡಿದೆ. ಇದೂ ಬಿಟ್ರೆ ಎಲ್ಲಿಗೆ ಹೋಗೋಣ, ನೀವೇ ಹೇಳಿ?”

ಒಳಗೆ ಮಗು ಎದ್ದು ಅಳತೊಡಗಿತು, ತಾಯಿ ಒಳಗೆ ಓಡಿದಳು. ಮೇಡಂ ಎರಡು ಮೆಟ್ಟಿಲು ಹತ್ತಿ ಕಾಲೇಜಿನ ಕಡೆ ನಡೆದಳು.