ಮಾರ್ಜೀನಳ ಎಪ್ಪತ್ತೊಂದು ಹಡಗುಗಳು

ಮಾರ್ಜೀನ್ ಕುಚೇರ ನಮ್ಮೂರ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೇಳು ವರ್ಷ ದುಡಿದವಳು. ಮಕ್ಕಳು ತಟ್ಟೆ ಹಿಡಿದು ಸಾಲಿನಲ್ಲಿ ಬಂದರೆ ಯಾರು ಎರಡನೇ ಸಲ ಬಂದವನೆಂದು ಮುಖ ನೋಡಿಯೇ ಹೇಳುತ್ತಿದ್ದಳು. ಅಂಗಡಿಯಲ್ಲಿ ಮೊಟ್ಟೆ ಕೊಂಡರೆ ಡಬ್ಬಿ ತೆರೆದು ಒಂದೊಂದನ್ನೂ ತಿರುಗಿಸಿ ನೋಡದೆ ಬುಟ್ಟಿಗೆ ಹಾಕಿದವಳಲ್ಲ.

ಮೊದಲು ಹೀಗಿರಲಿಲ್ಲವೆಂದು ಹಳಬರು ಹೇಳುತ್ತಾರೆ. ಒಂದು ಶನಿವಾರ ಆಕೆ ಕೆಲಸಕ್ಕೆ ಹೋಗಿದ್ದಾಗ ಗಂಡ ಡೆನಿಸ್ ಮನೆ ಮುಂದಿನ ಹುಲ್ಲಿನ ಮೇಲೆ ಮೇಜು ಹಾಕಿ, ಅವಳ ತಾಯಿಯ ಪಿಂಗಾಣಿ, ಹೊಲಿಗೆ ಯಂತ್ರ, ಕೊನೆಗೆ ಮದುವೆಯ ಹೊದಿಕೆಯನ್ನೂ ಮಾರಿಬಿಟ್ಟ. ಮರುವಾರ ಹಲ್ಲಿನ ವೈದ್ಯರ ಬಳಿ ಕೆಲಸಕ್ಕಿದ್ದ ಹೆಂಗಸಿನ ಜೊತೆ ಒಮಾಹಾ ನಗರಕ್ಕೆ ಹೊರಟುಹೋದ. ಅಂದಿನಿಂದ ಮಾರ್ಜೀನ್ ಬಾಗಿಲಿಗೆ ಎರಡು ಬೀಗ ಹಾಕಿದಳು.

ಆ ಮನೆಯಲ್ಲಿ ಅವಳು ಕಾಯುತ್ತಿದ್ದದ್ದು ಎಪ್ಪತ್ತೊಂದು ಡಬ್ಬಿಗಳನ್ನು. ಅವುಗಳಲ್ಲಿದ್ದದ್ದು ಕ್ರಿಸ್‌ಮಸ್ ಮರಕ್ಕೆ ತೂಗುಹಾಕಲು ವರ್ಷಕ್ಕೊಮ್ಮೆ ಹೊಸದಾಗಿ ಬರುವ ಪುಟ್ಟ ಬೊಂಬೆಗಳು. ಬೇರೆಯವರು ದೇವದೂತರನ್ನೂ ಜಿಂಕೆಗಳನ್ನೂ ಕೂಡಿಟ್ಟರೆ ಇವಳದು ಬರೀ ಬಾಹ್ಯಾಕಾಶದ ಸಿನಿಮಾಗಳದು: ಅಂಗೈಯಗಲದ ಆಕಾಶಹಡಗುಗಳು, ಗುಂಡಿ ಒತ್ತಿದರೆ ಕಣ್ಣು ಮಿಟುಕಿಸುವ ಯಂತ್ರಮಾನವರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಊರ ಟಾಕೀಸಿನಲ್ಲಿ ಅಂಥದೊಂದು ಸಿನಿಮಾವನ್ನು ಒಂದೇ ವಾರದಲ್ಲಿ ನಾಲ್ಕು ಸಲ ನೋಡಿದ್ದಳಂತೆ. "ಅಷ್ಟು ದೂರ ಹೋಗೋರು ಯಾರನ್ನ ನಂಬ್ತಾರೆ ಅಂತ ನೋಡೋಕೆ ಹೋಗ್ತಿದ್ದೆ," ಎಂದು ನನಗೊಮ್ಮೆ ಹೇಳಿದ್ದಳು. ಅದು ತಮಾಷೆಯೋ ನಿಜವೋ ನನಗೆ ತಿಳಿಯಲಿಲ್ಲ.

ಡಬ್ಬಿಗಳ ಮೊಹರಿನ ಟೇಪನ್ನು ಅವಳು ಒಮ್ಮೆಯೂ ಕಿತ್ತಿರಲಿಲ್ಲ. ಕೊಂಡ ದಿನವೇ ಅಡುಗೆಯ ತಕ್ಕಡಿಯಲ್ಲಿ ತೂಗಿ, ತಳದಲ್ಲಿ ಪೆನ್ಸಿಲಿನಿಂದ ತೂಕ ಬರೆದಿಡುತ್ತಿದ್ದಳು. ನಕಲಿ ಮಾಲು ಹಗುರವಿರುತ್ತದೆ ಎಂಬುದು ಅವಳ ವಾದ.

ಅವಳು ನಂಬಿದ್ದು ಒಬ್ಬಳನ್ನು, ಆರ್ಡಿತ್ ಕೋಲ್ಟರ್ಮನ್‌ಳನ್ನು. ಆರ್ಡಿತ್ ಅಂಚೆ ಕಚೇರಿಯ ಹಿಂದಿನ ಬೀದಿಯ ವಿಧವೆ. ಅವಳಿಗೂ ಇದೇ ಹುಚ್ಚು. ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ತಿಂಗಳಿಗೊಮ್ಮೆ ಸೇರುವ ತೂಗುಬೊಂಬೆ ಸಂಘಕ್ಕೆ ಇಬ್ಬರೂ ಒಂದೇ ಕಾರಿನಲ್ಲಿ ಬರುತ್ತಿದ್ದರು. ಕಳೆದ ಅಕ್ಟೋಬರಿನಲ್ಲಿ ಮಾರ್ಜೀನಳ ಮೊಣಕಾಲಿಗೆ ಆಪರೇಷನ್ ಆಯಿತು. ಮೂರು ವಾರ ಅವಳು ಮನೆಯಲ್ಲಿರಲಿಲ್ಲ. ಗಿಡಗಳಿಗೆ ನೀರು ಹಾಕಲು ಬೀಗದ ಕೈ ಕೊಟ್ಟದ್ದು ಆರ್ಡಿತ್‌ಗೆ.

ಮರಳಿ ಬಂದ ಮೂರನೇ ದಿನ ಮಾರ್ಜೀನ್ ಕೋಲು ಊರಿಕೊಂಡು ಕಪಾಟಿನ ಮುಂದೆ ನಿಂತಳು. ಒಂದು ಡಬ್ಬಿಯ ಟೇಪು ಹೊಸದರಂತೆ ಮಿರುಗುತ್ತಿತ್ತು. ತೂಗಿದಳು. ಕಾಲು ಡಾಲರಿನ ಒಂದು ನಾಣ್ಯದಷ್ಟು ತೂಕ ಕಡಿಮೆ! ಪಕ್ಕದ್ದನ್ನು ತೂಗಿದಳು, ಅದೂ ಅಷ್ಟೇ. ಸಂಜೆಯೊಳಗೆ ಎಪ್ಪತ್ತೊಂದನ್ನೂ ತೂಗಿ ಮುಗಿಸಿದಳು. ನಲವತ್ತಾರು ಹಗುರವಾಗಿದ್ದವು.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಒಂದು ಡಬ್ಬಿ ತೆರೆದು ನೋಡುತ್ತಿದ್ದರು. ಮಾರ್ಜೀನ್ ತೆರೆಯಲಿಲ್ಲ. ತೆರೆದರೆ ಸಾಕ್ಷಿ ಕೆಟ್ಟೀತೆಂದು ಹೆದರಿದಳು. ಆರ್ಡಿತ್ ಫೋನ್ ಮಾಡಿದಾಗ ಮಾತಿನಲ್ಲೇ ಕೆದಕಿದಳು.

"ಗಿಡಕ್ಕೆ ನೀರು ಹಾಕೋಕೆ ಎಷ್ಟು ಹೊತ್ತು ಬೇಕಾಯ್ತೇ ನಿಂಗೆ?"

"ಹತ್ತು ನಿಮಿಷ. ಯಾಕೆ?"

"ಎದುರುಮನೆಯೋರು ಹೇಳಿದ್ರು, ನಿನ್ನ ಕಾರು ಮಧ್ಯಾಹ್ನ ಪೂರ್ತಿ ಇಲ್ಲೇ ಇತ್ತಂತೆ."

"ಟಿವಿ ನೋಡ್ತಾ ಕೂತಿದ್ದೆ ಕಣೆ," ಎಂದಳು ಆರ್ಡಿತ್.

ಮಾರ್ಜೀನ್ ಟಿವಿಯ ಸಂಪರ್ಕವನ್ನು ಸೆಪ್ಟೆಂಬರಿನಲ್ಲೇ ತೆಗೆಸಿದ್ದಳು. ಅಲ್ಲಿಗೆ ಅವಳ ಮನಸ್ಸಿನಲ್ಲಿ ತೀರ್ಪು ಆಗಿಹೋಯಿತು. ಆರ್ಡಿತ್ ತಂದುಕೊಟ್ಟ ಕೋಸಿನ ಪಲ್ಯ ತುಂಬಿದ ಬನ್ನುಗಳನ್ನು ತಿನ್ನದೆ ಎಸೆದಳು. ಆರ್ಡಿತ್ ಹೊಸ ಕೋಟು ಹಾಕಿಕೊಂಡು ಬಂದರೆ, ಅದು ಯಾವ ಹಡಗು ಮಾರಿದ ಕೋಟೋ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಸಂಘದ ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ಬದಿಗೆ ಕರೆದು, "ಅವಳ ಕೈಗೆ ನಿಮ್ಮ ಡಬ್ಬಿ ಕೊಡಬೇಡಿ. ಯಾಕೆ ಅಂತ ಕೇಳಬೇಡಿ," ಎಂದಳು. ನಾನೂ ಕೇಳಲಿಲ್ಲ. ಆಮೇಲೆ ಆರ್ಡಿತ್ ನನ್ನ ಪಕ್ಕ ಕುಳಿತಾಗ ನನ್ನ ಚೀಲವನ್ನು ಇನ್ನೊಂದು ಬದಿಗೆ ಸರಿಸಿದೆ. ಅವಳು ಅದನ್ನು ನೋಡಿದಳು.

ಡಿಸೆಂಬರಿನ ಸಭೆ. ಕಾಫಿ, ಬಿಸ್ಕತ್ತು ಎಲ್ಲ ಆದ ಮೇಲೆ ಮಾರ್ಜೀನ್ ಎದ್ದು ಒಂದು ಡಬ್ಬಿಯನ್ನು ಮೇಜಿನ ನಡುವೆ ಇಟ್ಟಳು. "ಲೊವೆಲ್, ಎಲ್ಲರೆದುರು ಇದನ್ನ ತೆರೆ. ಒಳಗಿರೋದು ನಕಲಿ. ಅಸಲಿ ಎಲ್ಲಿದೆ ಅಂತ ಆರ್ಡಿತ್ ಹೇಳ್ತಾಳೆ."

ಲೊವೆಲ್ ಸ್ಟಾಮ್ ನಮ್ಮ ಸಂಘದ ಅಧ್ಯಕ್ಷ, ನಿವೃತ್ತ ಗಡಿಯಾರ ರಿಪೇರಿಯವನು. ಅವನು ಆರ್ಡಿತ್‌ಳ ಮುಖ ನೋಡಿದ. ಆಕೆ ಕಾಫಿ ಲೋಟವನ್ನು ಕೆಳಗಿಟ್ಟು, "ತೆರೆ," ಎಂದಳು.

ಲೊವೆಲ್ ಟೇಪು ಕಿತ್ತ. ಒಳಗಿನ ಹಡಗನ್ನು ಭೂತಗನ್ನಡಿ ಹಿಡಿದು ಎರಡು ಸುತ್ತು ತಿರುಗಿಸಿ ನೋಡಿದ. "ಅಸಲಿನೇ," ಎಂದ. ಆಮೇಲೆ ಹೊಟ್ಟೆಯ ಅಡಿಯ ಪುಟ್ಟ ಮುಚ್ಚಳದ ಸ್ಕ್ರೂ ಬಿಚ್ಚಿದ. ಅಂಗಿಯ ಗುಂಡಿಯಂಥ ಮೂರು ಬ್ಯಾಟರಿ ಸೆಲ್ಲುಗಳು ಕೂರುವ ಜಾಗ ಖಾಲಿಯಿತ್ತು. ತಗಡಿನ ಅಂಚಿನಲ್ಲಿ ಮಾತ್ರ ಹಸಿರು ಕಲೆಯೊಂದು ಉಳಿದಿತ್ತು.

"ಸೆಲ್ಲು ಸೋರಿದೆ," ಎಂದ ಲೊವೆಲ್. "ಯಾರೋ ತೆಗೆದು ಒರೆಸಿದಾರೆ. ಇಲ್ಲದಿದ್ರೆ ಒಳಗಿನ ತಂತಿಯನ್ನೆಲ್ಲ ತಿಂದುಹಾಕ್ತಿತ್ತು."

ಆರ್ಡಿತ್‌ಳೇ ಹೇಳಿದಳು. ಆಗಸ್ಟಿನಲ್ಲಿ ತನ್ನ ಡಬ್ಬಿಗಳನ್ನು ತೆರೆದು ನೋಡಿದರೆ ಒಂಬತ್ತು ಹಡಗುಗಳು ಒಳಗೊಳಗೇ ಕೊಳೆತುಹೋಗಿದ್ದವು. ಮಾರ್ಜೀನಳವೂ ಹಾಗೇ ಆಗುತ್ತವೆಂದು ಗೊತ್ತಿತ್ತು. ಮೂರು ವಾರ ದಿನಾ ಮಧ್ಯಾಹ್ನ ಕುಳಿತು, ಸೆಲ್ಲು ಹಾಕುವ ನಲವತ್ತಾರನ್ನೂ ತೆರೆದು, ಹತ್ತಿಗೆ ವಿನೆಗರ್ ಅದ್ದಿ ಒರೆಸಿ, ಮತ್ತೆ ಟೇಪು ಹಚ್ಚಿದ್ದಳು.

"ನಂಗೆ ಯಾಕೆ ಹೇಳಲಿಲ್ಲ?" ಎಂದಳು ಮಾರ್ಜೀನ್.

"ಹೇಳಿದ್ರೆ ಮುಟ್ಟೋಕೆ ಬಿಡ್ತಿದ್ಯಾ? ಮೊಹರು ಮೊಹರು ಅಂತ ಪ್ರಾಣ ಬಿಡ್ತೀಯ."

"ಕೇಳದೆ ತೆರೆದಿದ್ದು ತಪ್ಪು ತಾನೆ?"

"ತಪ್ಪೇ. ನೀನು ಊರಿಗೆಲ್ಲ ನನ್ನನ್ನ ಕಳ್ಳಿ ಅಂತ ಸಾರಿದ್ದೂ ತಪ್ಪೇ." ಆರ್ಡಿತ್ ಕೋಟು ಹಾಕಿಕೊಂಡಳು. "ಇವರೆಲ್ಲ ನನ್ನ ಪಕ್ಕ ಕೂತು ಚೀಲ ಸರಿಸ್ತಾರೆ ಕಣೆ, ಮಾರ್ಜೀನ್."

ಅಂದು ಆರ್ಡಿತ್ ಹಿಮದಲ್ಲಿ ನಡೆದೇ ಮನೆಗೆ ಹೋದಳು. ಮಾರ್ಜೀನ್ ಖಾಲಿ ಕಾರಿನಲ್ಲಿ ಬಹಳ ಹೊತ್ತು ಕುಳಿತಿದ್ದಳು. ನಾನು ಹೋಗಿ ಕಿಟಕಿ ತಟ್ಟಿದರೂ ಗಾಜು ಇಳಿಸಲಿಲ್ಲ.

ಜನವರಿಯಲ್ಲಿ ಅವಳು ಆರ್ಡಿತ್‌ಳ ಮನೆಗೆ ಮೂರು ಸಲ ಹೋದಳು. ಒಳಗೆ ದೀಪವಿತ್ತು, ಬಾಗಿಲು ತೆರೆಯಲಿಲ್ಲ. ನಾಲ್ಕನೇ ಸಲ ತೆರೆಯಿತು. ಮಾರ್ಜೀನಳ ಕೈಯಲ್ಲಿ ಒಂದು ಡಬ್ಬಿಯಿತ್ತು. ಕೊಳೆತ ಒಂಬತ್ತರಲ್ಲಿ ಆರ್ಡಿತ್‌ಗೆ ಅತಿ ಪ್ರಿಯವಾಗಿದ್ದ ಹಡಗಿನಂಥದೇ ಇನ್ನೊಂದು, ತನ್ನ ಕಪಾಟಿನಿಂದ ತೆಗೆದು ತಂದದ್ದು.

"ಇದರಲ್ಲಿ ಏನಿದೆ?" ಹೊಸಿಲಲ್ಲೇ ನಿಂತು ಕೇಳಿದಳು ಆರ್ಡಿತ್.

"ನೀನೇ ತೆರೆದು ನೋಡು."

ಆರ್ಡಿತ್ ಡಬ್ಬಿಯನ್ನು ಅಲ್ಲೇ ತೆರೆದು, ಹಡಗನ್ನು ಬೆಳಕಿಗೆ ಹಿಡಿದು, ಮುಚ್ಚಳ ಬಿಚ್ಚಿ ನೋಡಿ, ಆಮೇಲೆ ಒಳಗೆ ಕರೆದಳು. ಅಷ್ಟು ಹೊತ್ತೂ ಮಾರ್ಜೀನ್ ಹಿಮದಲ್ಲಿ ಕೋಲೂರಿ ನಿಂತಿದ್ದಳು.

ಮುಂದಿನ ಸಭೆಯಲ್ಲಿ ಅವಳು ಎದ್ದು ನಿಂತು, ಆರ್ಡಿತ್‌ಳ ಬಗ್ಗೆ ನಮಗೆಲ್ಲ ಸುಳ್ಳು ಹೇಳಿದ್ದೆನೆಂದು ಒಪ್ಪಿಕೊಂಡಳು. ನಾನೂ ಆರ್ಡಿತ್‌ಳ ಕ್ಷಮೆ ಕೇಳಿದೆ. "ಆಯ್ತು ಬಿಡು," ಎಂದಳು, ನನ್ನ ಕಡೆ ನೋಡದೆ.

ಈಗ ಮತ್ತೆ ಇಬ್ಬರೂ ಒಂದೇ ಕಾರಿನಲ್ಲಿ ಬರುತ್ತಾರೆ. ಮೊನ್ನೆ ಮಾರ್ಜೀನಳ ಮನೆಯಲ್ಲಿ ಕಾಫಿಗೆ ಕುಳಿತಿದ್ದಾಗ, "ಕಾಲು ನೋಯ್ತಿದೆ, ಒಳಗಿಂದ ಸಕ್ಕರೆ ತಗೊಂಡು ಬಾರೆ," ಎಂದಳು ಮಾರ್ಜೀನ್. ಆರ್ಡಿತ್ ಡಬ್ಬಿಗಳ ಕಪಾಟಿನ ಕಡೆಗೊಮ್ಮೆ ನೋಡಿದಳು, ಕುರ್ಚಿಯಿಂದ ಏಳಲಿಲ್ಲ. "ನೀನೇ ತಗೊಂಡು ಬಾ. ನಾನು ಕಾಯ್ತೀನಿ," ಎಂದಳು. ಮಾರ್ಜೀನ್ ಕೋಲು ಹುಡುಕಿಕೊಂಡು ನಿಧಾನವಾಗಿ ಎದ್ದುಹೋದಳು.