ಅಳು ಬಾರದ ತಿಂಗಳುಗಳ ಥೈರಾಯ್ಡ್ ರಿಪೋರ್ಟ್

ಯಜಮಾನರು ತೀರಿಕೊಂಡಾಗ ನಾನು ಅಳಲಿಲ್ಲ. ಕೊಚ್ಚಿ ಬಳಿಯ ಆಲುವದ ನಮ್ಮ ಫ್ಲ್ಯಾಟಿಗೆ ಬಂದವರು ಧೈರ್ಯವಂತೆ ಎಂದರು. ಮೈಸೂರಿನಿಂದ ಬಂದಿದ್ದ ನಾದಿನಿ ಮಾತ್ರ, "ಕಲ್ಲು ಕಣ್ರೀ ಅತ್ತಿಗೆ ನೀವು" ಎಂದಳು. ನನಗೂ ಒಳಗೊಳಗೇ ಅದೇ ಅನುಮಾನ. ಇಷ್ಟು ವರ್ಷ ಜೊತೆಗಿದ್ದವರು ಹೋದರೂ ಕಣ್ಣು ಒಣಗಿಯೇ ಇದೆಯೆಂದರೆ, ಅವರ ಮೇಲೆ ನನಗಿದ್ದದ್ದು ಪ್ರೀತಿಯೋ ಬರಿಯ ರೂಢಿಯೋ?

ಸಾವಾದ ಮನೆಯಲ್ಲಿ ಒಲೆ ಹೊತ್ತಿಸಬಾರದೆಂದು ಕೆಳಮಹಡಿಯ ಮಲಯಾಳಿ ಅಕ್ಕ, ನಮ್ಮ ಚೇಚಿ, ಬೆಳಗಾಗುತ್ತಲೇ ಫ್ಲಾಸ್ಕಿನಲ್ಲಿ ಹಾಲು ಹಾಕಿದ ಚಹಾ ತರುತ್ತಿದ್ದರು. ನಾನು ಕುಡಿದು ಮುಗಿಸುವವರೆಗೆ ಎದುರಿಗೇ ಕೂರುತ್ತಿದ್ದರು. "ಕುಡಿಕ್ಕ್ ಮೋಳೇ, ಚೂಡು ಪೋಗುಂ." ಚಹಾದ ಬಿಸಿ ಆರಿಹೋದರೆ ಅವರಿಗೇ ಸಂಕಟ. ವೈಕುಂಠ ಸಮಾರಾಧನೆ ಮುಗಿದ ಮೇಲೂ ಅವರು ಬರುವುದು ನಿಲ್ಲಲಿಲ್ಲ, ನಾನೂ ಬೇಡವೆನ್ನಲಿಲ್ಲ. ಮೊದಲೆಲ್ಲ ಎದ್ದೊಡನೆ ಥೈರಾಯ್ಡ್ ಮಾತ್ರೆಯನ್ನು ಬರೀ ನೀರಿನಲ್ಲಿ ನುಂಗಿ, ಸ್ನಾನವಾದ ಮೇಲೆ ಕಾಫಿ ಕುಡಿಯುತ್ತಿದ್ದೆ. ಈಗ ಚೇಚಿಯನ್ನು ಕಾಯಿಸುವುದು ಹೇಗೆಂದು ಆ ಚಹಾದಲ್ಲೇ ನುಂಗತೊಡಗಿದೆ. ಜೊತೆಗೆ ಕ್ಯಾಲ್ಸಿಯಂ ಮಾತ್ರೆಯನ್ನೂ.

ಕೊಚ್ಚಿಯ ಸೆಖೆಯಲ್ಲಿ ನನಗೆ ಚಳಿ, ಸ್ವೆಟರ್ ಹಾಕಿಕೊಳ್ಳುತ್ತಿದ್ದೆ. ಬಾಚಿದರೆ ಕೂದಲು ಕೈಗೆ ಬರುತ್ತಿತ್ತು. ಬ್ಯಾಂಕಿನಲ್ಲಿ ಕೂತಲ್ಲೇ ತೂಕಡಿಕೆ. ದುಃಖಕ್ಕೆ ಹೀಗಾಗುತ್ತದೆ ಎಂದರು ಎಲ್ಲರೂ. ನಾನೂ ಹಾಗೆಂದುಕೊಂಡೆ.

ರಜೆ ಹಾಕಿ ತಿರುವನಂತಪುರದಲ್ಲಿ ಕೆಲಸದಲ್ಲಿರುವ ಮಗಳ ಬಳಿಗೆ ಹೋದೆ. ಅಲ್ಲಿನ ತಂಪಾನೂರ್ ಸ್ಟೇಷನ್ನಿನಲ್ಲಿ ನನ್ನ ಊದಿದ ಮುಖ ನೋಡಿದವಳು ಮರುದಿನವೇ ರಕ್ತ ಪರೀಕ್ಷೆ ಮಾಡಿಸಿದಳು. ಟಿಎಸ್‌ಎಚ್ ಬಹಳ ಹೆಚ್ಚಿತ್ತು. "ಮಾತ್ರೆ ಜಾಸ್ತಿಯಾಗಿದೆ. ಅರ್ಧ ಮಾಡ್ತೀನಿ" ಎಂದೆ.

"ಅಯ್ಯೋ ಅಮ್ಮಾ, ತಿರಿಚ್ಚಾಣ್! ಉಲ್ಟಾ! ಇದೇನು ನಿನ್ನ ಬ್ಯಾಂಕ್ ಬ್ಯಾಲೆನ್ಸಾ?"

ಡಾಕ್ಟರು ವಿವರಿಸಿದರು. ಗ್ರಂಥಿ ಕೆಲಸ ಮಾಡಲೆಂದು ಮೆದುಳಿನಿಂದ ಹೋಗುವ ಕರೆಯೇ ಟಿಎಸ್‌ಎಚ್. ಗ್ರಂಥಿ ಸೋತಷ್ಟೂ ಕರೆ ಜೋರಾಗುತ್ತದೆ, ಸಂಖ್ಯೆ ಏರುತ್ತದೆ. ಮಾತ್ರೆ ಹೇಗೆ ತಗೊಳ್ತೀರಿ ಎಂದು ಕೇಳಿದರು. ಚಹಾದ ವಿಷಯ ಹೇಳಿದೆ. ಆ ಚಹಾ, ಆ ಕ್ಯಾಲ್ಸಿಯಂ ಸೇರಿ ಮಾತ್ರೆ ಮೈಗೆ ಹತ್ತಿಲ್ಲ, ಡೋಸ್ ಬದಲಿಸುವ ಮೊದಲು ಅಭ್ಯಾಸ ಸರಿಮಾಡಿ ಎಂದರು. ಖಾಲಿ ಹೊಟ್ಟೆಗೆ ನೀರಿನಲ್ಲಿ ಮಾತ್ರೆ, ಒಂದು ಗಂಟೆಯ ನಂತರ ಚಹಾ, ಕ್ಯಾಲ್ಸಿಯಂ ರಾತ್ರಿಗೆ.

"ಅಳು ಬಾರದೆ ಇರೋದೂ ಇದರಿಂದಲೇ ಇರಬಹುದಾ?" ಎಂದು ಕೇಳಿದೆ.

"ಇರಬಹುದು. ದುಃಖವೂ ಹೀಗೇ ಮಾಡುತ್ತೆ. ರಕ್ತದಲ್ಲಿ ಅದು ಬೇರೆ ಇದು ಬೇರೆ ಅಂತ ಕಾಣೋದಿಲ್ಲ."

ನಾನು 'ಇರಬಹುದು' ಎಂಬುದನ್ನಷ್ಟೇ ಹಿಡಿದುಕೊಂಡು ಆಲುವಕ್ಕೆ ಮರಳಿದೆ. ಚೇಚಿಗೆ ಕಾರಣ ಹೇಳಿ, ಒಂದು ಗಂಟೆ ತಡವಾಗಿ ಬನ್ನಿ ಎಂದೆ. ಪಾಪ, ಅವರು ಬೆಚ್ಚಿಬಿದ್ದರು. "ದೈವಮೇ, ನಾನೇ ನಿನಗೆ ವಿಷ ಕೊಟ್ಟೆನಾ?" ಅವರನ್ನು ಸಮಾಧಾನ ಮಾಡುವುದರಲ್ಲೇ ಆ ಬೆಳಗು ಕಳೆಯಿತು.

ಎರಡು ತಿಂಗಳ ನಂತರದ ಪರೀಕ್ಷೆಯಲ್ಲಿ ಸಂಖ್ಯೆ ಸರಿಹೋಗಿತ್ತು. ಸ್ವೆಟರ್ ಬಿಟ್ಟೆ. ತೂಕಡಿಕೆ ನಿಂತಿತು. ಅಳು ಬರಲಿಲ್ಲ.

ಫೋನಿನಲ್ಲಿ ಮಗಳಿಗೆ ಹೇಳಿದೆ. "ನನಗೂ ಬಂದಿಲ್ಲಮ್ಮ. ನನಗೆ ಥೈರಾಯ್ಡೂ ಇಲ್ಲ" ಎಂದಳು.

ಆಮೇಲೆ ಇಬ್ಬರೂ ಫೋನ್ ಇಡಲಿಲ್ಲ. ಅವಳಿಗೆ ಅಪ್ಪನ ಮೇಲೆ ಪ್ರೀತಿ ಇರಲಿಲ್ಲವೆಂದು ನಾನು ಎಂದೂ ಅನ್ನಲಾರೆ. ನನ್ನ ಬಗ್ಗೆಯೂ ಹಾಗೆ ಅಂದುಕೊಳ್ಳುವುದನ್ನು ಅಂದಿಗೆ ಬಿಟ್ಟೆ.