ಕುಸುಬಿ ಎಣ್ಣೆ ಕುಡಿದ ಪಿಸ್ತೂಲು

ನಾನು ಕೊಂಡ ಏರ್ ಪಿಸ್ತೂಲಿನಿಂದ ಗುಂಡು ಹಾರುತ್ತಿತ್ತು, ಅದರಲ್ಲಿ ಸಂಶಯವಿಲ್ಲ. ಎಲ್ಲಿಗೆ ಹೋಗಬೇಕೆಂಬುದನ್ನು ಮಾತ್ರ ಅದು ನನ್ನನ್ನು ಕೇಳುತ್ತಿರಲಿಲ್ಲ. ಆನ್‌ಲೈನಿನಲ್ಲಿ ಸಿಗುವವುಗಳಲ್ಲೇ ಅಗ್ಗದ ಮಾಲು. ಕೆಳಗಿರುವ ಪಂಪಿನ ಹಿಡಿಯನ್ನು ಐದಾರು ಸಲ ಎಳೆದು ಒತ್ತಿ ಗಾಳಿ ತುಂಬಬೇಕು, ಸಣ್ಣ ಸೀಸದ ಗುಂಡು ಇಡಬೇಕು, ಟ್ರಿಗರ್ ಎಳೆಯಬೇಕು, ಆಮೇಲೆ ದೇವರನ್ನು ನೆನೆಯಬೇಕು.

ಮೊದಲ ದಿನ ಇಳಕಲ್ಲಿನ ನಮ್ಮ ಹಿತ್ತಲಲ್ಲಿ ಬಾಟಲಿಯ ಮುಚ್ಚಳವೊಂದನ್ನು ಕೆಂಪು ಗ್ರಾನೈಟಿನ ತುಂಡಿಗೆ ಆನಿಸಿಟ್ಟು ಹೊಡೆದೆ. ನಮ್ಮೂರಿನಲ್ಲಿ ಕೈಗೆ ಮೊದಲು ಸಿಗುವುದು ಆ ಕಲ್ಲೇ. ಗುಂಡು ಕಲ್ಲಿಗೆ ಬಡಿದು, ಹೋದಷ್ಟೇ ಉತ್ಸಾಹದಿಂದ ತಿರುಗಿ ಬಂದು, ನನ್ನ ಹಿಂದೆ ಬಿಸಿಲಿಗೆ ಒಣಗಿ ನಿಂತಿದ್ದ ಪ್ಲಾಸ್ಟಿಕ್ ಬಕೆಟ್ಟನ್ನು ಸೀಳಿತು. ಹೆಂಡತಿ ಬಕೆಟ್ಟನ್ನೂ ನನ್ನನ್ನೂ ನೋಡಿದಳು.

"ಮುಂದ ಇಟ್ಟದ್ದು ಬಿಟ್ಟು ಹಿಂದಿಂದು ಹೊಡದ್ರಲ್ರಿ! ಕನ್ನಡಿ ನೋಡಿ ಹೊಡದ್ರೇನು?"

ಅವತ್ತೇ ಕಲ್ಲು ತೆಗೆದು, ಗೋಣಿಚೀಲಕ್ಕೆ ಉಸುಕು ತುಂಬಿ ಗುರಿಯ ಹಿಂದೆ ನಿಲ್ಲಿಸಿದೆ. ಕಣ್ಣಿಗೆ ದಪ್ಪ ಕನ್ನಡಕವೂ ಬಂತು. ಪಿಸ್ತೂಲನ್ನು ನಾನೇ ಸುಧಾರಿಸುತ್ತೇನೆ ಎಂದು ಊಟದ ಹೊತ್ತಿಗೆ ಘೋಷಿಸಿಯೂ ಬಿಟ್ಟೆ.

ಹೆಂಡತಿ ಹೆದರಿದ್ದರಲ್ಲಿ ತಪ್ಪಿಲ್ಲ. ನಾನು ಹುನಗುಂದದ ಕಚೇರಿಯೊಂದರಲ್ಲಿ ಗುಮಾಸ್ತ. ದಿನವಿಡೀ ಕಾಗದಕ್ಕೆ ಠಸ್ಸೆ ಒತ್ತಿ, ಬಸ್ಸಿನಲ್ಲಿ ನಿಂತು ಬಂದ ಮನುಷ್ಯನಿಗೆ ಸಂಜೆ ಏನಾದರೂ ಬಿಚ್ಚಬೇಕು ಅನಿಸುತ್ತದೆ. ಹಾಗೆ ನಾನು ಬಿಚ್ಚಿ ಜೋಡಿಸಿದ ಮಿಕ್ಸರ್ ಪ್ಲಗ್ ಹಾಕಿದೊಡನೆ ತಾನೇ ತಿರುಗುತ್ತದೆ, ಬಟನ್ನಿಗೆ ಕಾಯುವುದಿಲ್ಲ. ನಮ್ಮ ಫ್ಯಾನು ಗಾಳಿಯನ್ನು ಮಾಳಿಗೆಯ ಕಡೆಗೆ ಬೀಸುತ್ತದೆ. ಆದರೆ ನನ್ನ ಅಪ್ಪ ಮಗ್ಗ ರಿಪೇರಿ ಮಾಡುತ್ತಿದ್ದವನು. ನಿಂತ ಮಗ್ಗದ ಮುಂದೆ ಅಪ್ಪ ಒಂದು ಗಳಿಗೆ ಸುಮ್ಮನೆ ಕೂತರೆ ಸಾಕು, ಅದು ನಡೆಯುತ್ತದೆ ಎನ್ನುತ್ತಿದ್ದರು ಜನ. ಅವನು ಹೋದ ಮೇಲೆ ನನಗೆ ಉಳಿದದ್ದು ಅವನ ರಿಪೇರಿ ಸಾಮಾನಿನ ಪೆಟ್ಟಿಗೆ. ಆ ಕೈ ನನಗೂ ಬಂದಿದೆ ಎಂದು ನಾನು ನಂಬಿದ್ದೆ, ಮಿಕ್ಸರ್ ಏನೇ ಹೇಳಲಿ.

ಅಕ್ಕನ ಗಂಡನಿಗೆ ಕುಳಗೇರಿ ಕ್ರಾಸಿನಲ್ಲಿ ಬೆಳೆಗೆ ಔಷಧಿ ಹೊಡೆಯುವ ಪಂಪುಗಳ ರಿಪೇರಿ ಅಂಗಡಿ ಇದೆ. ಆ ಪೆಟ್ಟಿಗೆಯ ಮೇಲೆ ಅವನಿಗೆ ಬಹಳ ದಿನದ ಕಣ್ಣು. ಹೆಂಡತಿ ಫೋನಿನಲ್ಲಿ ಅವನನ್ನು ಸಾಕ್ಷಿ ಇಟ್ಟುಕೊಂಡೇ ಕರಾರು ಹಾಕಿದಳು: "ಹತ್ತು ಹೆಜ್ಜಿ ದೂರದಾಗ ಐದು ಮುಚ್ಚಳ. ಮೂರು ಬಿದ್ರ ಪೆಟಗಿ ಮನ್ಯಾಗ ಇರ್ತೈತಿ. ಬೀಳಲಿಲ್ಲಂದ್ರ ಅಣ್ಣಾರು ಒಯ್ಯಲಿ. ಅಲ್ಲಿದ್ರ ನಾಕು ಮಂದಿಗರ ಉಪಯೋಗ ಆಗ್ತೈತಿ."

ಅವ್ವ ಪಕ್ಕದಲ್ಲೇ ಅಕ್ಕಿ ಆರಿಸುತ್ತ ಕೂತಿದ್ದಳು. ನಾನು ಒಪ್ಪಿಕೊಂಡೆ. ಸಿಟ್ಟಿನಲ್ಲಿ ಒಪ್ಪಿಕೊಂಡೆ ಎನ್ನುವುದೇ ಸರಿ.

ಮುಂದಿನ ಸಂಜೆಗಳು ನನ್ನ ಬಾಳಿನ ಅತ್ಯಂತ ಸುಖದ ಸಂಜೆಗಳು. ಪಂಪಿನ ಪ್ಲಾಸ್ಟಿಕ್ ಹಿಡಿ ಅಂಗೈ ಕೊರೆಯುತ್ತಿತ್ತು. ಪೆಟ್ಟಿಗೆಯಲ್ಲಿದ್ದ ಮುರಿದ ಲಾಳಿಯ ಕಟ್ಟಿಗೆಯನ್ನು ಸವರಿ ಅದರ ಮೇಲೆ ಕೂರಿಸಿದೆ. ವರ್ಷಗಟ್ಟಲೆ ಸೀರೆಯ ನೂಲಿನ ನಡುವೆ ಓಡಾಡಿದ ಕಟ್ಟಿಗೆ, ಕೈಗೆ ಬೆಣ್ಣೆಯಂತಿತ್ತು. ಸವೆದ ವಾಷರ್ ತೆಗೆದು ಹೊಸದು ಹಾಕಿದೆ. ಒರಟಾಗಿದ್ದ ಟ್ರಿಗರನ್ನು ನಯವಾದ ಪಾಲಿಶ್ ಕಾಗದದಿಂದ ಉಜ್ಜಿದೆ. ಗುರಿ ನೋಡುವ ಮುಳ್ಳಿನ ತುದಿಗೆ ಹೆಂಡತಿಯ ಉಗುರುಬಣ್ಣ ಕದ್ದು ಚುಕ್ಕೆ ಇಟ್ಟೆ. ಗುಂಡು ಈಗ ಮುಚ್ಚಳದ ನೆರೆಹೊರೆಗೆ ಹೋಗತೊಡಗಿತು. ಒಂದು ಸಂಜೆಯಂತೂ ಐದರಲ್ಲಿ ನಾಲ್ಕು ಬಿದ್ದವು. ನೋಡಲು ಒಬ್ಬರಾದರೂ ಇರಬೇಕಲ್ಲ! ಹೆಂಡತಿಯೂ ಅವ್ವನೂ ಸಂತೆಗೆ ಹೋಗಿದ್ದರು.

ಉಳಿದದ್ದು ಎಣ್ಣೆ. ಪೆಟ್ಟಿಗೆಯಲ್ಲಿ ಅಪ್ಪನ ಉದ್ದ ಮೂತಿಯ ಎಣ್ಣೆ ಡಬ್ಬಿ ಇತ್ತು, ಅರ್ಧ ತುಂಬಿದ್ದೇ ಇತ್ತು. ಅದರ ಕುತ್ತಿಗೆಗೆ ಕೆಂಪು ದಾರ. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ದಿನ ಪ್ರತಿ ವರ್ಷ ನಾನು ಆ ಡಬ್ಬಿಗೆ ಕುಂಕುಮ ಹಚ್ಚಿ ಕೈಮುಗಿಯುತ್ತೇನೆ. ಅಪ್ಪ ಪೂಜೆಗೆ ಕಟ್ಟಿದ ದಾರವೆಂದೇ ತಿಳಿದಿದ್ದೆ. ಪೂಜೆಯ ವಸ್ತುವಿನ ಎಣ್ಣೆಯನ್ನು ಅಗ್ಗದ ಪಿಸ್ತೂಲಿಗೆ ಸುರಿಯಲು ಮನಸ್ಸು ಬರಲಿಲ್ಲ. ಅಡುಗೆಮನೆಗೆ ಹೋಗಿ ಕುಸುಬಿ ಎಣ್ಣೆ ತಂದೆ. ತಿಂದ ನಮಗೇ ಏನೂ ಮಾಡದ ಎಣ್ಣೆ ವಾಷರಿಗೆ ಏನು ಮಾಡೀತು? ಧಾರಾಳವಾಗಿ ಹಾಕಿದೆ. ಪಂಪು ಸರ್ರನೆ ಸರಿದಾಡಿತು.

ಭಾನುವಾರ ಬರಬೇಕಿದ್ದ ಅಕ್ಕನ ಗಂಡ, ತನ್ನ ಕುರಿಗಳ ಉಣ್ಣೆ ಕತ್ತರಿಸುವ ಕೆಲಸವಿದೆ ಎಂದು ಮೂರು ವಾರ ಮುಂದೂಡಿದ. ಚೊಲೋ ಆಯಿತು ಎಂದುಕೊಂಡೆ. ಎಣ್ಣೆ ಚೆನ್ನಾಗಿ ಇಳಿಯಲಿ ಎಂದು ಪಿಸ್ತೂಲನ್ನು ಮಾಳಿಗೆಯ ಗೂಡಿನಲ್ಲಿಟ್ಟೆ. ಬೇಸಿಗೆ, ಅಲ್ಲಿ ಹಪ್ಪಳ ತಾನೇ ಸುಡುವಷ್ಟು ಕಾವು.

ಅವನು ಬಂದ ದಿನ ಐದು ಮುಚ್ಚಳ ಸಾಲಾಗಿ ನಿಂತವು. ಹೆಂಡತಿ ಬಾಗಿಲ ಹೊಸ್ತಿಲಲ್ಲಿ, ಅವ್ವ ಕಟ್ಟೆಯ ಮೇಲೆ. ನಾನು ಕನ್ನಡಕ ಏರಿಸಿ, ಲಾಳಿಯ ಹಿಡಿ ಹಿಡಿದು ಎಳೆದೆ. ಬರಲಿಲ್ಲ. ಮತ್ತೆ ಎಳೆದೆ. ಗುಂಡಿಲ್ಲದ ಪಿಸ್ತೂಲನ್ನು ಮೊಣಕಾಲ ನಡುವೆ ಸಿಕ್ಕಿಸಿ ಎಳೆದೆ.

"ಲೇ ತಮ್ಮಾ, ಎಮ್ಮಿ ಹಿಂಡಾಕತ್ತೀಯೇನು?" ಎಂದ ಅಕ್ಕನ ಗಂಡ. ಇಸಿದುಕೊಂಡು, ಸ್ಕ್ರೂ ಬಿಚ್ಚಿ, ಒಳಗೆ ಬೆರಳಾಡಿಸಿದ. ಬೆರಳಿಗೆ ಹಳದಿ ಅಂಟು ಮೆತ್ತಿತು. ಮೂಸಿ ನೋಡಿದ. "ಇದರಾಗ ಒಗ್ಗರಣಿ ಹಾಕೀಯೇನು?"

"ಕುಸುಬಿ ಎಣ್ಣಿ ಹಾಕೇನಿ, ಮಾಮಾ."

"ಅದು ಬಿಸಲಿಗೆ ಗೋಂದ ಆಗ್ತೈತಲ್ಲೋ! ಪೆಟಗ್ಯಾಗ ಮಶೀನ್ ಎಣ್ಣಿ ಇತ್ತಿಲ್ಲೋ?"

"ಇತ್ತು. ಪೂಜಾದ್ದು ಅಂತ ಮುಟ್ಟಲಿಲ್ಲ."

ಕಟ್ಟೆಯ ಮೇಲೆ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ಅವಳು ಹಾಗೆ ನಕ್ಕಿದ್ದನ್ನು ಅಪ್ಪ ಹೋದ ಮೇಲೆ ನಾನು ಕಂಡಿರಲಿಲ್ಲ. ಯಾಕೆ ಎಂದು ಕೇಳಿದರೆ ಕೈಯಾಡಿಸಿದಳು. ನನಗೆ ಅಳು ಬರುವಂತಾಗಿತ್ತು, ಅವಳಿಗೆ ನಗೆ.

ಅಕ್ಕನ ಗಂಡ ಸೀಮೆಎಣ್ಣೆಯಲ್ಲಿ ಅಂಟು ತೊಳೆದು, ಅಪ್ಪನ ಡಬ್ಬಿಯಿಂದ ಎರಡು ಹನಿ ಬಿಟ್ಟು ಜೋಡಿಸಿಕೊಟ್ಟ. ಪಂಪು ಸರಿಯಾಯಿತು; ಎಳೆದೆಳೆದು ನನ್ನ ತೋಳು ಮಾತ್ರ ಆಗಲೇ ಸೋತಿತ್ತು. ಐದು ಹೊಡೆದೆ. ಎರಡು ಬಿದ್ದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ಈ ಸಲ ನೆಲವೂ ನೆಟ್ಟಗಿತ್ತು. ಕರಾರು ಕರಾರೇ. ಪೆಟ್ಟಿಗೆಯನ್ನು ನಾನೇ ಹೊತ್ತು ತಂದು ಅವನ ಬೈಕಿನ ಹಿಂದೆ ಹಗ್ಗದಿಂದ ಬಿಗಿದೆ. ಅಪ್ಪನನ್ನು ಎರಡನೇ ಸಲ ಕಳಿಸುತ್ತಿದ್ದೇನೆ ಅನಿಸಿತು.

ಆಗ ಅವ್ವ ಎದ್ದು ಬಂದಳು. ಪೆಟ್ಟಿಗೆಯಿಂದ ಮೂತಿ ಹೊರಚಾಚಿದ್ದ ಎಣ್ಣೆ ಡಬ್ಬಿಯ ಕೆಂಪು ದಾರವನ್ನು ಮುಟ್ಟಿದಳು.

"ಇದು ಪೂಜಾದ ದಾರ ಅಲ್ಲೋ. ನಾ ಕಟ್ಟಿದ್ದು. ನಿಮ್ಮಪ್ಪ ಒಬ್ಬರ ಮಗ್ಗಕ್ಕ ಕುಸುಬಿ ಎಣ್ಣಿ ಹಾಕಿ, ಲಗ್ನದ ಸೀರಿ ಮಗ್ಗದಾಗ ಸಿಕ್ಕೊಂಡು ಕುಂತಿತ್ತು. ಆ ಮಂದಿ ಮನಿ ಬಾಗಲಿಗೆ ಬಂದು ಬೈದು ಹೋದ್ರು. 'ಇನ್ನ ಈ ದಾರ ಇದ್ದ ಎಣ್ಣಿ ಅಷ್ಟ ಮುಟ್ಟು' ಅಂತ ಹೇಳಿ ಕಟ್ಟೀನಿ."

"ಅಪ್ಪಾ? ಕುಸುಬಿ ಎಣ್ಣಿ?"

"ಒಂದ ಸಲ ಅಲ್ಲ, ಎರಡ ಸಲ. ದಾರ ಕಟ್ಟಿದ್ದು ಎರಡನೇ ಸಲದ ಮ್ಯಾಲ." ಅವ್ವ ಹೆಂಡತಿಯ ಕಡೆ ತಿರುಗಿದಳು. "ಹಂಗಂತ ನಾ ಅವರ ಪೆಟಗಿ ಕಸಗೊಳ್ಳಲಿಲ್ಲ ನೋಡವಾ."

ನನಗೆ ಆದ ಸಂತೋಷವನ್ನು ಹೇಳಿದರೆ ಹುಚ್ಚ ಅಂದಾರು. ಅಪ್ಪನ ಕೈ ನನಗೆ ಬಂದಿದೆಯೋ ಇಲ್ಲವೋ ಎಂದು ಇಷ್ಟು ವರ್ಷ ಗೆದ್ದದ್ದರಲ್ಲೇ ಹುಡುಕಿದ್ದೆ; ಅದು ಕೆಡಿಸಿದ್ದರಲ್ಲಿ ಕೂತಿತ್ತು.

ಹೆಂಡತಿ ಬೈಕಿನ ಹತ್ತಿರ ಬಂದು ಹಗ್ಗ ಬಿಚ್ಚತೊಡಗಿದಳು.

"ಅಣ್ಣಾರ, ಒಂದೀಟು ಕೈ ಹಚ್ರಿ, ಇಳಸೂಣು," ಎಂದಳು. ನನ್ನ ಕಡೆ ನೋಡದೆಯೇ ಸೇರಿಸಿದಳು: "ಮಾವಾರು ಎರಡ ಸಲ ತಪ್ಪು ಮಾಡಿದ್ರಂತ, ಇವರಿಗೆ ಇನ್ನೊಂದು ಬಾಕಿ ಐತಿ."